ಮುಚ್ಚಳ ತೆಗೆದು ನೋಡುವ ಅಕ್ಕ

ಅಕ್ಕ ತೀರಿಕೊಂಡ ಮೂರನೆಯ ದಿನ ನಮ್ಮ ಕ್ಲಬ್ಬಿನ ಈಗಿನ ಕಾರ್ಯದರ್ಶಿ ನನಗೆ ಫೋನು ಮಾಡಿದ. ಕ್ಲಬ್ಬಿನ ಮಾಸಪತ್ರಿಕೆಗೆ ಅರ್ಧ ಪುಟದ ಶ್ರದ್ಧಾಂಜಲಿ ಬೇಕಂತೆ. "ಮೃದುಭಾಷಿ, ಸ್ನೇಹಜೀವಿ, ಎಲ್ಲರೊಡನೆ ಬೆರೆಯುವ ಸ್ವಭಾವ, ಹೀಗೆ ಏನಾದರೂ ಹಾಕಿಬಿಡಿ ಸರ್. ನಿಮಗೆ ಅಭ್ಯಾಸ ಉಂಟಲ್ಲ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಅಭ್ಯಾಸ ಉಂಟು, ಸುಳ್ಳಲ್ಲ. ವಾಶಿಯಲ್ಲಿ ಇಪ್ಪತ್ತೈದು ವರ್ಷ ಪ್ರಿಂಟಿಂಗ್ ಅಂಗಡಿ ನಡೆಸಿದವನು ನಾನು. ಬ್ಯಾನರು, ಲಗ್ನಪತ್ರಿಕೆ, ಸನ್ಮಾನಪತ್ರ, ಯಾವುದಕ್ಕೆ ಬೇಕಾದರೂ ಮಾತು ನನ್ನ ಬಳಿ ಸಿದ್ಧ ಇರುತ್ತದೆ. ಆದರೆ ಅಕ್ಕ ಮೃದುಭಾಷಿ ಆಗಿರಲಿಲ್ಲ. ಸ್ನೇಹಜೀವಿಯಂತೂ ಮೊದಲೇ ಅಲ್ಲ. ಅವರು ಸಭೆಯಲ್ಲಿ ಎದ್ದು ನಿಂತರೆ ನಾವೆಲ್ಲ ಚಹಾ ಲೋಟದ ತಳ ನೋಡುತ್ತಿದ್ದೆವು. ಅರ್ಧ ಪುಟ ನನ್ನಿಂದಾಗದು ಎಂದು ಹೇಳಿ ಫೋನು ಇಟ್ಟೆ.

ಅಕ್ಕನ ಹೆಸರು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೇ ಬ್ಯಾನರಿನಲ್ಲಿ ಹೆಸರು ಹಾಕಬೇಡಿ ಎಂದು ನನ್ನೊಡನೆ ಜಗಳವಾಡಿದವರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ದಕ್ಷಿಣ ಕನ್ನಡದವರು, ನನಗಿಂತ ಹತ್ತು ವರ್ಷ ದೊಡ್ಡವರು, ಕಾಮೋಠೆಯಲ್ಲಿ ಒಬ್ಬರೇ ಇದ್ದರು. ಒಂದು ಔಷಧಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗುಣಮಟ್ಟ ತಪಾಸಣೆಯ ಕೆಲಸ ಮಾಡಿ ನಿವೃತ್ತರಾಗಿದ್ದರು. ಅಂದರೆ ಬೇರೆಯವರು ‘ಸರಿ ಉಂಟು’ ಎಂದದ್ದನ್ನು ‘ಸರಿ ಇಲ್ಲ’ ಎಂದು ವಾಪಸು ಕಳಿಸುವುದೇ ಅವರ ಕೆಲಸ. ನಿವೃತ್ತಿಯಾದ ಮೇಲೂ ಆ ಚಾಳಿ ಬಿಡಲಿಲ್ಲ. ಮದುವೆ ಊಟಕ್ಕೆ ಹೋದರೆ ಮೊದಲು ಅಡುಗೆಯವರ ಹತ್ತಿರ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ಮೂಸಿ ನೋಡುವರು. ಮದುಮಗಳ ಅಪ್ಪ ಬೆವರುತ್ತ ಹಿಂದೆ ನಿಂತಿರುತ್ತಿದ್ದ.

ನಮ್ಮ ಕ್ಲಬ್ಬು ಎಂದರೆ ಸೇವಾ ಕ್ಲಬ್ಬು. ಈ ಮರಾಠಿ ನಾಡಿಗೆ ಬಂದು ನೆಲೆಸಿದ ಉಡುಪಿ, ಮಂಗಳೂರು ಕಡೆಯ ಹೋಟೆಲಿನವರು, ವ್ಯಾಪಾರದವರು, ಆಫೀಸಿನವರು ಪ್ರತಿ ಬುಧವಾರ ಸಂಜೆ ವಾಶಿಯ ಒಂದು ಹೋಟೆಲಿನ ಮಹಡಿಯಲ್ಲಿ ಸೇರುತ್ತಿದ್ದೆವು. ಗಂಟೆ ಬಾರಿಸುವುದು, ಕೋಟಿಗೆ ಪಿನ್ನು ಚುಚ್ಚಿಕೊಳ್ಳುವುದು, ಒಬ್ಬರಿಗೊಬ್ಬರು ಶಾಲು ಹೊದೆಸುವುದು, ಎಲ್ಲ ಕ್ರಮಪ್ರಕಾರ. ತಿಂಗಳಿಗೊಮ್ಮೆ, ನಮ್ಮ ಸುತ್ತಮುತ್ತ ಹೊಸತೇನಾದರೂ ಶುರುಮಾಡಿದವರನ್ನು ಕರೆಸಿ ಮಾತಾಡಿಸುತ್ತಿದ್ದೆವು. ಮಹಾಪೆಯಲ್ಲಿ ಹಳೆಯ ಕಂಪ್ಯೂಟರ್ ಬಿಚ್ಚಿ ಮಾರುವವನು, ಡೊಂಬಿವಲಿಯಲ್ಲಿ ಅಂಗವಿಕಲರಿಂದ ಬಟ್ಟೆ ಚೀಲ ಹೊಲಿಸುವವಳು, ಇಂಥವರು ಬರುತ್ತಿದ್ದರು. ಆ ಕಾರ್ಯಕ್ರಮದ ಉಸ್ತುವಾರಿ ಅಕ್ಕನದು. ಕೊನೆಯ ಸಾಲಿನಲ್ಲಿ ಕೂತು, ಎದುರಿಗಿಟ್ಟ ಚಹಾ ಮುಟ್ಟದೆ ಕೇಳುತ್ತಿದ್ದರು. ಮಾತು ಮುಗಿದ ಮೇಲೆ ನಾವು "ನಿಮಗೆ ಸ್ಫೂರ್ತಿ ಯಾರು?" ಎಂದು ಕೇಳಿದರೆ ಅಕ್ಕ ಎದ್ದು ನಿಂತು, "ಕಳೆದ ವಾರ ನಿಮ್ಮಲ್ಲಿ ಎಂತ ಕೆಟ್ಟಿತು?" ಎಂದು ಕೇಳುವರು.

ಬಂದವರ ಮುಖ ನೋಡಬೇಕು ಆಗ! ಕಂಪ್ಯೂಟರಿನವನು ನಕ್ಕು, "ಹಾಗೇನೂ ಕೆಟ್ಟಿಲ್ಲ ಮೇಡಂ" ಎಂದ. "ಹಾಗಾದರೆ ನೀವು ನೋಡಿಲ್ಲ" ಎಂದು ಅಕ್ಕ ಕೂತುಬಿಟ್ಟರು. ಅವನು ಊಟ ಮಾಡದೆ ಹೋದ. ಇನ್ನೊಮ್ಮೆ, ಕಟ್ಟಡ ಕೆಲಸಗಾರರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಒಬ್ಬ ಹೆಂಗಸು ಇದೇ ಪ್ರಶ್ನೆಗೆ ಗಳಗಳ ಅತ್ತುಬಿಟ್ಟಳು. ಒಂದು ಮಗು ಬಾಗಿಲು ತೆರೆದುಕೊಂಡು ಹೈವೇ ತನಕ ಹೋಗಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ನಾವು ಅಯ್ಯೋ ಪಾಪ ಎಂದು ಸುಮ್ಮನಾದೆವು. ಮಾರನೆಯ ಬೆಳಿಗ್ಗೆ ಅಕ್ಕ ಬಡಗಿಯೊಬ್ಬನನ್ನು ಕರೆದುಕೊಂಡು ಹೋಗಿ, ಮಕ್ಕಳ ಕೈಗೆ ಎಟುಕದ ಹಾಗೆ ಬಾಗಿಲಿಗೆ ಚಿಲಕ ಹಾಕಿಸಿ ಬಂದರು. ಆ ಸಂಗತಿ ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ನಾನು ಕಾರ್ಯದರ್ಶಿಯಾಗಿದ್ದ ವರ್ಷ ತುರ್ಭೆಯ ಶಾಂತವ್ವನ ಬಳಗದ ವಿಷಯ ಬಂತು. ಶಾಂತವ್ವ ಕಲಬುರಗಿ ಕಡೆಯ ಹೆಂಗಸು. ತುರ್ಭೆಯಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ಹತ್ತು ಜನ ಹೆಂಗಸರನ್ನು ಸೇರಿಸಿಕೊಂಡು ಅಡುಗೆ ಮಾಡುತ್ತಿದ್ದಳು. ಮಹಾಪೆಯ ಒಂದು ಕಾರ್ಖಾನೆ ತನ್ನ ತೊಂಬತ್ತು ಕೆಲಸಗಾರರ ಮಧ್ಯಾಹ್ನದ ಊಟವನ್ನು ಒಂದು ತಿಂಗಳ ಪರೀಕ್ಷೆಯ ಮೇಲೆ ಅವರಿಗೆ ಕೊಟ್ಟಿತ್ತು. ಹನ್ನೆರಡೂವರೆಗೆ ಸರಿಯಾಗಿ ಊಟ ಮುಟ್ಟಬೇಕು. ತಿಂಗಳು ಸುಸೂತ್ರವಾಗಿ ಮುಗಿದರೆ ಕೆಲಸ ಕಾಯಂ. ಇಲ್ಲವಾದರೆ ಹನ್ನೊಂದು ಜನರೂ ಮತ್ತೆ ರಸ್ತೆ ಕೆಲಸಕ್ಕೆ ಬುಟ್ಟಿ ಹೊರಲು ಹೋಗಬೇಕು.

"ಅವರನ್ನು ಇಲ್ಲಿ ಕರೆಸುವುದು ಬೇಡ, ಕೆಲಸ ಕೆಡುತ್ತದೆ. ಪರೀಕ್ಷೆ ಮುಗಿಯಲಿ. ಆಮೇಲೆ ಒಂದು ದಿನ ನಾವು ಮೂರು ಜನ ಹೋಗಿ ಮೂಲೆಯಲ್ಲಿ ನಿಂತು ನೋಡಿ ಬರುವ" ಎಂದರು ಅಕ್ಕ. ನನಗೆ ಮೂರು ಜನ ಯಾವ ಲೆಕ್ಕ! ಆ ವರ್ಷ ಜಿಲ್ಲೆಯ ಉತ್ತಮ ಕ್ಲಬ್ಬು ಪ್ರಶಸ್ತಿಯ ಮೇಲೆ ನನ್ನ ಕಣ್ಣಿತ್ತು, ವರದಿ ಕಳಿಸಲು ಕೊನೆಯ ದಿನ ಹತ್ತಿರ ಬಂದಿತ್ತು. ಅಧ್ಯಕ್ಷರು ಟೈಲ್ಸ್ ಅಂಗಡಿಯ ಧಣಿ, ನಮ್ಮ ಕಡೆಯವರೇ, ಫೋಟೋ ಎಂದರೆ ಎದ್ದು ನಿಲ್ಲುವವರು. ನಾವಿಬ್ಬರೂ ಸೇರಿ ಬಸ್ಸು ಗೊತ್ತು ಮಾಡಿದೆವು. ಮೂವತ್ತೆರಡು ಜನ, ಹನ್ನೆರಡು ಅಡಿಯ ಬ್ಯಾನರು, ಶಾಲು, ಹಣ್ಣಿನ ಬುಟ್ಟಿ, ಫೋಟೋಗ್ರಾಫರು. ನಾನೇ ಶಾಂತವ್ವನಿಗೆ ಫೋನು ಮಾಡಿ ತಿಳಿಸಿದೆ. ಹುಮ್ಮಸ್ಸಿನಲ್ಲಿ, "ನಮ್ಮವರು ಕಾಯಿ ಅರೆದು ಹಾಕಿದ ಪದಾರ್ಥ ಅಂದರೆ ಜೀವ ಬಿಡುತ್ತಾರೆ ನೋಡಮ್ಮ" ಎಂದು ಒಂದು ಮಾತು ಸೇರಿಸಿದೆ.

ಅಕ್ಕನಿಗೆ ಸುದ್ದಿ ಹೇಳಿದಾಗ ಅವರು ಮೊದಲು ಕೇಳಿದ್ದು ಎರಡು ಪ್ರಶ್ನೆ.

"ಯಾವತ್ತು?"

"ಶುಕ್ರವಾರ."

"ಅವರ ಪರೀಕ್ಷೆ ಮುಗಿಯುವುದು?"

"ಶನಿವಾರ."

"ಎಂತ ಮಾರಾಯ್ರೆ! ಪರೀಕ್ಷೆಗೆ ಓದುವ ಮಗುವಿನ ಕೋಣೆಗೆ ಮೂವತ್ತು ಜನ ನುಗ್ಗಿ ಚಪ್ಪಾಳೆ ತಟ್ಟುತ್ತೀರಾ?"

ನಾನು ಮುಖ ಊದಿಸಿಕೊಂಡೆ. ಶುಕ್ರವಾರ ಅಕ್ಕ ಬಸ್ಸು ಹತ್ತಿ ಕೊನೆಯ ಸೀಟಿನಲ್ಲಿ ಕೂತರು.

ಶೆಡ್ಡಿಗೆ ಹೋಗಿ ನೋಡಿದರೆ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಸಾಲಾಗಿ ನಿಂತಿದ್ದಾರೆ. ನೆಲ ಫಳಫಳ. ಒಲೆಗಳನ್ನು ತೊಳೆದು ಸುತ್ತ ರಂಗೋಲಿ ಹಾಕಿದ್ದಾರೆ. ಬಾಡಿಗೆ ಕುರ್ಚಿಗಳಿಗೆ ಜಾಗ ಮಾಡಲು ತುಂಬಿದ ಪಾತ್ರೆಗಳನ್ನೆಲ್ಲ ಮೂಲೆಗೆ ಒತ್ತಿ ಮೇಲೆ ಬಟ್ಟೆ ಮುಚ್ಚಿದ್ದಾರೆ. ಕೆಲಸ ನೋಡಲು ಹೋದವರಿಗೆ ಅಲ್ಲಿ ನೋಡಲು ಕೆಲಸವೇ ಇರಲಿಲ್ಲ. ನಮಗೆ ಅದು ಹೊಳೆಯಲೂ ಇಲ್ಲ ಬಿಡಿ. ಅಧ್ಯಕ್ಷರ ಭಾಷಣ, ನನ್ನ ಭಾಷಣ, ಶಾಲು, ಫೋಟೋ, ಫೋಟೋ ಸರಿ ಬರಲಿಲ್ಲವೆಂದು ಇನ್ನೊಮ್ಮೆ ಶಾಲು. ಹನ್ನೊಂದಾಯಿತು. ಅತಿಥಿಗಳಿಗೆ ತಟ್ಟೆ ಇಡಲು ಶುರುಮಾಡಿದರು.

ಆಗ ಅಕ್ಕ ಎದ್ದು ಶಾಂತವ್ವನ ಹತ್ತಿರ ಹೋದರು.

"ಇವತ್ತು ಅಡುಗೆ ಎಷ್ಟು ಗಂಟೆಗೆ ಮುಗಿಯಿತು?"

"ನೀವೆಲ್ಲಾ ಬರ್ತೀರಂತ ಲಗೂನ ಮುಗಿಸೀವ್ರಿ ಮೇಡಂ. ಏಳಕ್ಕ ಎಲ್ಲಾ ತುಂಬಿ ಇಟ್ಟೀವಿ."

"ದಿನಾ?"

"ದಿನಾ ಹನ್ನೊಂದಕ್ಕ ಒಲಿ ಮ್ಯಾಲಿಂದ ಇಳಿಸಿದ್ದು ಹಂಗೇ ಟೆಂಪೋಕ್ಕ ಏರಿಸ್ತೀವ್ರಿ. ಇವತ್ತ ಒಂದಿನ ಹಿಂಗ."

ಅಕ್ಕ ಮೂಲೆಗೆ ಹೋಗಿ ದೊಡ್ಡ ಪಾತ್ರೆಯ ಮುಚ್ಚಳ ತೆಗೆದರು. ನಮ್ಮ ಊರ ಕಡೆಯ ಗಟ್ಟಿ ಸಾರು, ಕಡಲೆ ಗಸಿ. ಅಂಚಿನಲ್ಲಿ ಸಣ್ಣ ನೊರೆ ಕಟ್ಟಿತ್ತು. ಬಗ್ಗಿ ಮೂಸಿದರು, ಚಮಚದ ತುದಿಯಲ್ಲಿ ನಾಲಿಗೆಗೆ ಇಟ್ಟುಕೊಂಡು ಹೊರಗೆ ಹೋಗಿ ಉಗುಳಿ ಬಂದರು.

"ಕಾಯಿ ಅರೆದು ಹಾಕಿದ್ದೀರಾ?"

"ಹೌದ್ರಿ. ನಿಮ್ಮ ಮಂದಿಗಿ ಕಾಯಿ ಅಂದ್ರ ಜೀವ ಅಂತ ಸರ್ ಹೇಳಿದ್ರು. ಎರಡೆರಡು ಪಲ್ಯ ಎಲ್ಲಿ ಮಾಡೂದು ಅಂತ ಕಾರ್ಖಾನಿ ಮಂದಿಗೂ ಅದೇ ಮಾಡೀವ್ರಿ."

ಅಕ್ಕ ತಿರುಗಿ ನನ್ನ ಮುಖ ನೋಡಿದರು. ಏಪ್ರಿಲ್ ಸೆಕೆಯಲ್ಲಿ, ತಗಡಿನ ಕೆಳಗೆ, ಕಾಯಿ ಹಾಕಿದ್ದನ್ನು ನಾಲ್ಕು ಗಂಟೆ ಮುಚ್ಚಿಟ್ಟರೆ ಏನಾಗುತ್ತದೆಂದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಜೋಳದ ರೊಟ್ಟಿ, ಬೇಳೆ ಪಲ್ಯದಲ್ಲಿ ಬೆಳೆದ ಶಾಂತವ್ವನಿಗೆ ಅದು ಗೊತ್ತಿರಬೇಕಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.

ಹೊರಗೆ ಟೆಂಪೋದವನು ಹಾರ್ನು ಹೊಡೆಯತೊಡಗಿದ. ಅಧ್ಯಕ್ಷರು ಹತ್ತಿರ ಬಂದು ಮೆಲ್ಲಗೆ, "ಅಕ್ಕ, ರಗಳೆ ಬೇಡ. ಸ್ವಲ್ಪ ಹುಳಿ ಬಂದಿದೆ ಅಷ್ಟೆ. ಒಂದು ಕುದಿ ಕುದಿಸಿ, ಟೊಮೆಟೊ ಜಾಸ್ತಿ ಆಯಿತು ಅಂದರೆ ಮುಗಿಯಿತು" ಎಂದರು.

"ನಿಮಗೆ ಒಂದು ಬಟ್ಟಲು ಹಾಕಿಕೊಡಲಾ?"

ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದರು. ಅಕ್ಕ ಶಾಂತವ್ವನ ಎದುರು ನಿಂತು, "ಇದು ಕೆಟ್ಟಿದೆ. ಅಷ್ಟು ಹೇಳಬಲ್ಲೆ. ಕಳಿಸುವುದೋ ಬಿಡುವುದೋ ನಿಮ್ಮ ತೀರ್ಮಾನ. ನಾವು ಯಾರೂ ಬಾಯಿ ಹಾಕುವುದಿಲ್ಲ" ಎಂದರು.

ಶಾಂತವ್ವ ಹೆಗಲ ಮೇಲಿನ ನಮ್ಮ ಶಾಲಿನ ಅಂಚನ್ನು ತಿರುಚುತ್ತ ನಿಂತಳು. "ಚೆಲ್ಲಿದ್ರ ಹೊತ್ತಾಗ್ತದ. ಹೊತ್ತಾದ್ರ ಕೆಲಸಾ ಹೋಗ್ತದ" ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಅವಳ ಹಿಂದೆ ಹತ್ತು ಜನರೂ ಅವಳ ಬೆನ್ನನ್ನೇ ನೋಡುತ್ತಿದ್ದರು. ಆಮೇಲೆ ಶಾಲು ತೆಗೆದು ಕುರ್ಚಿಯ ಮೇಲೆ ಎಸೆದಳು. "ಹಿಡೀರಿ ಆ ಕಡಿ. ತೊಂಬತ್ತು ಮಂದಿ ಹೊಟ್ಟಿ ಕೆಟ್ರ ಯಾ ಬಾಯಿಲೆ ಮಾತಾಡ್ಲಿ" ಎಂದು ಪಾತ್ರೆಯ ಒಂದು ಕಿವಿ ಹಿಡಿದಳು. ಇಬ್ಬರು ಸೇರಿ ಹೊರಗೆ ಕೊಂಡುಹೋಗಿ ಮೋರಿಗೆ ಸುರಿದರು.

ಆಮೇಲಿನ ಒಂದು ಗಂಟೆ ನೆನೆದರೆ ಈಗಲೂ ಬೆವರುತ್ತೇನೆ. ಅನ್ನ, ಚಪಾತಿ ಸರಿ ಇದ್ದವು. ಬೇಗ ಬೇಯುವುದೆಂದರೆ ಮಸೂರ್ ಬೇಳೆ. ಅಂಗಡಿಗೆ ಒಬ್ಬಳು ಓಡಿದಳು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತು, "ಈರುಳ್ಳಿ ಹೆಚ್ಚುವವರು ಮಾತ್ರ ಒಳಗೆ. ಉಳಿದವರು ಬಸ್ಸಿಗೆ" ಎಂದು ಅಬ್ಬರಿಸಿದರು. ಮೂವತ್ತೆರಡರಲ್ಲಿ ಒಳಗೆ ಉಳಿದದ್ದು ಏಳು. ಗಾಳಿಗೆ ಅಡ್ಡವಾಗಿದ್ದ ನನ್ನ ಹನ್ನೆರಡು ಅಡಿಯ ಬ್ಯಾನರನ್ನು ಅಕ್ಕ ಒಂದೇ ಎಳೆತಕ್ಕೆ ಕಿತ್ತರು. ನಮ್ಮ ಕ್ಲಬ್ಬಿನ ರೇಷ್ಮೆ ಸೀರೆಯವರು ಕಣ್ಣೊರೆಸಿಕೊಳ್ಳುತ್ತ ಈರುಳ್ಳಿ ಹೆಚ್ಚಿದರು, ನಾನು ಕೊಡ ಹೊತ್ತೆ.

ನಡುವೆ ಕಾರ್ಖಾನೆಗೆ ಫೋನು ಮಾಡಬೇಕಿತ್ತು. "ಸೇತುವೆ ಹತ್ತಿರ ಟ್ರಾಫಿಕ್ ಅಂತ ಹೇಳಮ್ಮ" ಎಂದು ನಾನು ಕಿವಿಯಲ್ಲಿ ಹೇಳಿದೆ. ಶಾಂತವ್ವ ನನ್ನ ಕಡೆ ನೋಡಲಿಲ್ಲ. ಒಲೆಯ ಮುಂದೆಯೇ ನಿಂತು ಮ್ಯಾನೇಜರಿಗೆ, "ಸಾಬ್, ಭಾಜಿ ಖರಾಬ್ ಹೋ ಗಯಾ. ಫೇಕ್ ದಿಯಾ. ದಾಲ್ ಬನಾ ರಹೇ. ಬೀಸ್ ಮಿನಿಟ್ ಲೇಟ್ ಹೋಗಾ" ಎಂದಳು. ಕೆಟ್ಟಿತು, ಚೆಲ್ಲಿದೆವು, ಇಪ್ಪತ್ತು ನಿಮಿಷ ತಡ. ಅಷ್ಟೆ. ಆ ಕಡೆಯಿಂದ ಏನೂ ಹೇಳದೆ ಫೋನು ಇಟ್ಟರು. ಟೆಂಪೋ ಹೊರಡುವಾಗ ಹನ್ನೆರಡು ಕಾಲಾಗಿತ್ತು, ಮಹಾಪೆ ಮುಟ್ಟಿದಾಗ ಒಂದಕ್ಕೆ ಹತ್ತು ನಿಮಿಷ.

ಶನಿವಾರ ಸಂಜೆ ಮ್ಯಾನೇಜರು ಹೇಳಿಕಳಿಸಿದರು: ತಿಂಗಳ ಕೊನೆಯ ತನಕ ನೀವೇ ಮಾಡಿ, ಒಂದನೇ ತಾರೀಕಿನಿಂದ ಹಳೆಯ ಕ್ಯಾಟರರೇ ಬರುತ್ತಾರೆ.

ಸೋಮವಾರ ಅಕ್ಕ ನನ್ನ ಅಂಗಡಿಗೆ ಬಂದಾಗ ನಾನು ಉರಿಯುತ್ತಿದ್ದೆ. ತಪ್ಪು ಮಾಡಿದವನಿಗೇ ಸಿಟ್ಟು ಜಾಸ್ತಿ. "ಆಯಿತಲ್ಲ ಅಕ್ಕ? ಟ್ರಾಫಿಕ್ ಅಂದಿದ್ದರೆ ಉಳಿಯುತ್ತಿತ್ತು. ನಿಮ್ಮ ಸತ್ಯದಿಂದ ಹನ್ನೊಂದು ಜನರ ಕೆಲಸ ಹೋಯಿತು" ಎಂದು ಕೂಗಾಡಿದೆ.

ಅಕ್ಕ ಸ್ಟೂಲು ಎಳೆದುಕೊಂಡು ಕೂತರು. ಮುಖ ಬಾಡಿತ್ತು. ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. "ಶಾಂತವ್ವ ಫೋನಿನಲ್ಲಿ ಎಲ್ಲ ಹೇಳಿದಳು. ನಾವು ಬಂದದ್ದು ಮಾತ್ರ ಹೇಳಲಿಲ್ಲ. ಗಮನಿಸಿದ್ದೀರಾ?" ಎಂದರು. ನಾನು ಗಮನಿಸಿರಲಿಲ್ಲ. "ಮನೆಗೆ ಬಂದವರ ಮೇಲೆ ತಪ್ಪು ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಆ ಮಾತು ನಾವು ಹೇಳಬೇಕು. ಕ್ಲಬ್ಬಿನ ಹೆಸರಿನಲ್ಲಿ ಮ್ಯಾನೇಜರಿಗೆ ಕಾಗದ ಬರೆಯಿರಿ. ಇನ್ನೂ ನಾಲ್ಕು ದಿನ ಉಂಟು."

ನಾನು ಅಧ್ಯಕ್ಷರಿಗೆ ಫೋನು ಹಚ್ಚಿದೆ. "ಕ್ಲಬ್ಬಿನ ಮಾನ ನಾವೇ ಹರಾಜು ಹಾಕುವುದಾ? ಸಾಧ್ಯ ಇಲ್ಲ" ಎಂದು ಅವರು ಗುಡುಗಿದರು. ನನಗೆ ಒಳಗೊಳಗೇ ಸಮಾಧಾನವಾಯಿತು, ಬರೆಯುವ ಕೆಲಸ ತಪ್ಪಿತಲ್ಲ ಎಂದು. ನಾಚಿಕೆಗೇಡು, ಆದರೆ ನಿಜ. ಅಕ್ಕ ನನ್ನ ಮೇಜಿನ ಮೇಲಿದ್ದ ಪ್ರಶಸ್ತಿಯ ವರದಿಯ ಕಡೆ ಬೆರಳು ತೋರಿಸಿದರು. ತುರ್ಭೆಯ ಭೇಟಿಯ ಬಗ್ಗೆ ಎರಡು ಪುಟ ಬರೆದು ಇಟ್ಟಿದ್ದೆ. ಕಾರ್ಯಕ್ರಮದ ಉಸ್ತುವಾರಿಯ, ಅಂದರೆ ಅಕ್ಕನ, ಸಹಿ ಇಲ್ಲದೆ ಅದು ಹೋಗುವಂತಿರಲಿಲ್ಲ.

"ಸಹಿ ಹಾಕುತ್ತೇನೆ. ಯಾರ ವಿಷಯ ಬರೆದಿದ್ದೀರೋ ಅವರ ಎದುರು ಒಮ್ಮೆ ಓದಿ, ಆಮೇಲೆ."

ಮರುದಿನ ಮಧ್ಯಾಹ್ನ ಟೆಂಪೋ ಹೋದ ಮೇಲೆ ಶೆಡ್ಡಿನಲ್ಲಿ ಅಕ್ಕಿ ಚೀಲದ ಮೇಲೆ ಕೂತೆ. ಹನ್ನೊಂದು ಜನ ಹೆಂಗಸರು ಎದುರಿಗೆ. ಉಳಿದಿದ್ದದ್ದು ಮೂರು ದಿನದ ಕೆಲಸ. ಅಕ್ಕ ಗೋಡೆಗೆ ಒರಗಿ ನಿಂತಿದ್ದರು. ನಾನು ಓದಿದೆ: ‘ಸಂತಸದ ವಾತಾವರಣದಲ್ಲಿ ಜರುಗಿದ ಈ ಭೇಟಿಯು ಮಹಿಳೆಯರಲ್ಲಿ ಹೊಸ ಚೈತನ್ಯ ತುಂಬಿತು. ಕ್ಲಬ್ಬಿನ ಸದಸ್ಯರು ಅಡುಗೆ ಕಾರ್ಯದಲ್ಲಿ ಸ್ವಯಂಪ್ರೇರಿತರಾಗಿ ಕೈಜೋಡಿಸಿದರು. ಬಳಗವು ನಮ್ಮ ಪ್ರೋತ್ಸಾಹದಿಂದ ಯಶಸ್ಸಿನ ಹಾದಿಯಲ್ಲಿ ಮುನ್ನಡೆದಿದೆ.’

ಶಾಂತವ್ವ ಕೊನೆಯ ತನಕ ಕೇಳಿದಳು. ಆಮೇಲೆ ಕುಹಕವೇನೂ ಇಲ್ಲದೆ, ನಿಜವಾಗಿಯೂ ತಿಳಿಯದವಳ ಹಾಗೆ ಕೇಳಿದಳು. "ಭಾಳ ಚಂದ ಬರದೀರಿ ಸರ್. ಇದು ಯಾರ ಮನಿ ಸುದ್ದಿರಿ?"

ನನಗೆ ಅಲ್ಲೇ ಅಳು ಬಂತು. ಐವತ್ತರ ಗಂಡಸು, ಅಕ್ಕಿ ಚೀಲದ ಮೇಲೆ ಕೂತು ಹೆಂಗಸರ ಎದುರು ಕಣ್ಣೊರೆಸಿಕೊಂಡೆ. ಆ ಎರಡು ಪುಟ ಮಡಚಿ ಜೇಬಿಗೆ ಹಾಕಿ, ಚೀಲದಿಂದ ಕ್ಲಬ್ಬಿನ ಲೆಟರ್‌ಹೆಡ್ ತೆಗೆದೆ. ಅಧ್ಯಕ್ಷರನ್ನು ಕೇಳಲಿಲ್ಲ. ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಕೈಯಿಂದಲೇ ಬರೆದೆ: ಪರೀಕ್ಷೆಯ ಕೊನೆಯ ವಾರ ಎಂದು ಗೊತ್ತಿದ್ದೂ ನಾವು ಮೂವತ್ತೆರಡು ಜನ ಹೋದೆವು. ನಮಗೋಸ್ಕರ ಅವರು ಅಡುಗೆಯ ಹೊತ್ತು ಬದಲಿಸಿದರು, ನನ್ನ ಮಾತು ಕೇಳಿ ಪದಾರ್ಥ ಬದಲಿಸಿದರು. ಕೆಟ್ಟದ್ದನ್ನು ಕಳಿಸುವ ಬದಲು ಚೆಲ್ಲಿದವರು ಅವರು, ಕೆಡುವಂತೆ ಮಾಡಿದವರು ನಾವು. ಬರೆದದ್ದನ್ನು ಕನ್ನಡದಲ್ಲಿ ಹೇಳಿದೆ. "ಹ್ಞಾಂ, ಇದು ನಮ್ಮ ಸುದ್ದಿ ಅದ" ಎಂದಳು ಶಾಂತವ್ವ.

ಅಕ್ಕ ಮತ್ತು ನಾನು ಅಲ್ಲಿಂದಲೇ ರಿಕ್ಷಾ ಹಿಡಿದು ಮಹಾಪೆಗೆ ಹೋದೆವು. ಮ್ಯಾನೇಜರು ಮರಾಠಿಯವರು, ನಗು ಕಾಣದ ಮನುಷ್ಯ. ನಮ್ಮನ್ನು ನಿಲ್ಲಿಸಿಯೇ ಕಾಗದವನ್ನು ಎರಡು ಸಲ ಓದಿದರು. "ಮೂವತ್ತೆರಡು ಜನ? ಏನು ನೋಡಲಿಕ್ಕೆ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಅಕ್ಕನ ಕಡೆ ತಿರುಗಿದೆ. ಅವರು ಕೈಕಟ್ಟಿ ನಿಂತಿದ್ದರು. ಹಾಗೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಮ್ಯಾನೇಜರು ಕಾಗದ ಮಡಚಿ ಮೇಜಿನ ಖಾನೆಗೆ ಹಾಕಿದರು. "ಕೆಟ್ಟಿತು ಅಂತ ತಾನಾಗಿ ಹೇಳಿದ ಕ್ಯಾಟರರ್ ನನಗೆ ಇದುವರೆಗೆ ಸಿಕ್ಕಿರಲಿಲ್ಲ" ಎಂದರು. ಇನ್ನೂ ಹದಿನೈದು ದಿನ ಕೊಡುತ್ತೇನೆ ಎಂದರು. ಒಂದು ಶರತ್ತು. ಆ ಹದಿನೈದು ದಿನ ನಮ್ಮ ಕ್ಲಬ್ಬಿನ ಒಂದು ನರಪಿಳ್ಳೆಯೂ ಆ ಶೆಡ್ಡಿನ ಹತ್ತಿರ ಸುಳಿಯಬಾರದು.

"ಬರೆದು ಕೊಡಲಾ?" ಎಂದರು ಅಕ್ಕ.

ಆ ಹದಿನೈದು ದಿನ ನಾನು ತುರ್ಭೆ ಸ್ಟೇಷನ್ನಿನಲ್ಲಿ ಇಳಿಯಲೂ ಇಲ್ಲ. ಹನ್ನೆರಡೂವರೆ ಆಯಿತೆಂದರೆ ಅಂಗಡಿಯಲ್ಲಿ ಕೂತಲ್ಲೇ ಗಡಿಯಾರ ನೋಡುತ್ತಿದ್ದೆ. ಫೋನು ಮಾಡಬೇಕೆನ್ನಿಸಿದಾಗ ಅಕ್ಕನಿಗೆ ಮಾಡಿದರೆ, "ಸುಮ್ಮನೆ ಕೂತುಕೊಳ್ಳಿ ಮಾರಾಯ್ರೆ, ಅದೊಂದು ಕಲಿಯಿರಿ" ಎಂದು ಗದರುತ್ತಿದ್ದರು. ಆದರೆ ಮೊದಲ ರಿಂಗಿಗೇ ಫೋನು ಎತ್ತುತ್ತಿದ್ದರು. ಹದಿನಾರನೆಯ ದಿನ ಶಾಂತವ್ವ ಅವರಿಗೆ ಫೋನು ಮಾಡಿದಳು, ಅವರು ನನಗೆ ಮಾಡಿದರು. "ಕಾಯಂ ಆಯಿತು" ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಪ್ರಶಸ್ತಿಗೆ ನಾನು ವರದಿ ಕಳಿಸಲಿಲ್ಲ. ಜೂನಿನಲ್ಲಿ ಕ್ಲಬ್ಬಿನ ವಾರ್ಷಿಕ ಸಭೆ, ಜಿಲ್ಲೆಯ ಮುಖ್ಯ ಅತಿಥಿಗಳು ಬಂದಿದ್ದರು. ವಾರ್ಷಿಕ ವರದಿ ನನ್ನ ಅಂಗಡಿಯಲ್ಲೇ ಅಚ್ಚಾಗಿತ್ತು. ತುರ್ಭೆಯ ಸಾಲನ್ನು ಬರೆದುಕೊಟ್ಟವರು ಅಕ್ಕ, ಒಂದಕ್ಷರ ಬದಲಿಸದೆ ಹಾಕಿದವನು ನಾನು. ಅಧ್ಯಕ್ಷರು ಮೊದಲೇ ಓದಿ ನೋಡುವ ಜನ ಅಲ್ಲ. ಮೈಕಿನ ಮುಂದೆ ನಿಂತು, ಸಭೆ ತುಂಬುವ ಆ ದನಿಯಲ್ಲಿ ಓದುತ್ತ ಹೋದರು: "ತುರ್ಭೆಯ ಅಡುಗೆ ಮಹಿಳೆಯರ ಬಳಗಕ್ಕೆ ನಮ್ಮ ಕ್ಲಬ್ಬು ಈ ವರ್ಷ ಸಲ್ಲಿಸಿದ ಸೇವೆ: ಹದಿನೈದು ದಿನ ಅವರ ಕಡೆಗೆ ಹೋಗಲಿಲ್ಲ."

ಅಧ್ಯಕ್ಷರು ಕಾಗದದಿಂದ ತಲೆಯೆತ್ತಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಆ ವರ್ಷ ನನ್ನ ಅಂಗಡಿಯಲ್ಲಿ ಕ್ಲಬ್ಬಿಗಾಗಿ ಅಚ್ಚಾದದ್ದರಲ್ಲಿ ಸುಳ್ಳಿಲ್ಲದ ಸಾಲು ಅದೊಂದೇ.